ಆಟದ ಕೈಯಂತ್ರಗಳ ಇಳಿಗಾಲ: ಸ್ಮಾರ್ಟ್‌ಫೋನ್ ಯುಗದ ಒಂದು ಚಾರಿತ್ರಿಕ ವಿಮರ್ಶೆ

1. ಸಮಸ್ಯೆಯ ಸ್ವರೂಪ

ಒಂದು ಉಪಕರಣವು ಜನರ ಬಳಕೆಯಿಂದ ಹಿಂದೆ ಸರಿದಾಗ, ಅದಕ್ಕಿಂತ ಉತ್ತಮವಾದ ಇನ್ನೊಂದು ಬಂದುದರಿಂದಲೇ ಹಾಗಾಯಿತೆಂದು ಹೇಳುವುದು ವಾಡಿಕೆಯಾಗಿದೆ. ಈ ಉತ್ತರವು ಸುಲಭವಾದುದು. ಆದರೆ ಚರಿತ್ರೆಯ ವಿದ್ಯಾರ್ಥಿಗೆ ಸಾಲದು. ಯಾವ ಅರ್ಥದಲ್ಲಿ ಉತ್ತಮ, ಯಾರಿಗೆ ಉತ್ತಮ, ಯಾವ ಬೆಲೆಗೆ ಉತ್ತಮ ಎಂಬ ಪ್ರಶ್ನೆಗಳನ್ನು ಅವನು ಕೇಳಲೇಬೇಕು. ಈ ದೃಷ್ಟಿಯಿಂದ ಪರಿಶೀಲಿಸಲು ತಕ್ಕುದಾದ ಒಂದು ಸಮೀಪಕಾಲದ ನಿದರ್ಶನವನ್ನು ನಾವು ಇಲ್ಲಿ ಎತ್ತಿಕೊಂಡಿದ್ದೇವೆ. ಅದೆಂದರೆ, ಆಟಕ್ಕಾಗಿಯೇ ಮೀಸಲಾಗಿ ನಿರ್ಮಿತವಾದ, ಅಂಗೈಯಲ್ಲಿ ಹಿಡಿದು ಆಡುವ ವಿದ್ಯುನ್ಮಾನ ಯಂತ್ರಗಳು ಸ್ಮಾರ್ಟ್‌ಫೋನಿನ ಕಾಲದಲ್ಲಿ ಪಟ್ಟ ಪಾಡು. ಹ್ಯಾಂಡ್‌ಹೆಲ್ಡ್ ಕನ್ಸೋಲ್ ಎಂದು ವ್ಯವಹಾರದಲ್ಲಿ ಹೆಸರಾದ ಈ ಯಂತ್ರಗಳನ್ನು ಇಲ್ಲಿ 'ಕೈಯಂತ್ರ'ಗಳೆಂದು ಕರೆಯುತ್ತೇವೆ.

ಅಂಕಿಗಳಿಂದಲೇ ಮೊದಲು ಮಾಡೋಣ. ಜಪಾನಿನ ನಿಂಟೆಂಡೊ ಸಂಸ್ಥೆಯು 2004ರಲ್ಲಿ ಹೊರತಂದ ಡಿಎಸ್ ಎಂಬ ಕೈಯಂತ್ರವು ತನ್ನ ಆಯುಷ್ಯದಲ್ಲಿ ಸುಮಾರು 15 ಕೋಟಿ 40 ಲಕ್ಷ ಮಾರಾಟವಾಯಿತು. ಅದರ ಉತ್ತರಾಧಿಕಾರಿಯಾಗಿ 2011ರಲ್ಲಿ ಬಂದ 3ಡಿಎಸ್ ಯಂತ್ರದ ಮಾರಾಟ ಸುಮಾರು 7 ಕೋಟಿ 59 ಲಕ್ಷಕ್ಕೆ ನಿಂತಿತು. ಸೋನಿ ಸಂಸ್ಥೆಯ ಪಿಎಸ್‌ಪಿ ಸುಮಾರು 8 ಕೋಟಿ ಮನೆಗಳನ್ನು ಹೊಕ್ಕಿದ್ದಿತು. ಅದರ ಮುಂದಿನ ಯಂತ್ರವಾದ ವೀಟಾದ ಒಟ್ಟು ಮಾರಾಟದ ಲೆಕ್ಕವನ್ನು ಆ ಸಂಸ್ಥೆಯು ಪ್ರಕಟಿಸಲೇ ಇಲ್ಲ. 2019ರಲ್ಲಿ ಅದರ ತಯಾರಿಕೆ ನಿಂತಿತು. 2020ರಲ್ಲಿ 3ಡಿಎಸ್‌ನ ತಯಾರಿಕೆಯೂ ನಿಂತಿತು. ಒಂದು ಪೀಳಿಗೆಯಿಂದ ಮುಂದಿನ ಪೀಳಿಗೆಗೆ ಬರುವಷ್ಟರಲ್ಲಿ ಒಂದು ಉದ್ಯಮವು ಅರ್ಧಕ್ಕೆ ಕುಗ್ಗಿತೆಂದರೆ, ಅದಕ್ಕೆ ತಕ್ಕ ಕಾರಣವಿರಲೇಬೇಕು.

2. ಕೈಯಂತ್ರದ ಹುಟ್ಟು ಮತ್ತು ಅದರ ಮೂಲತತ್ತ್ವ

ಕಾರಣವನ್ನು ತಿಳಿಯಬೇಕಾದರೆ ಕೈಯಂತ್ರಗಳು ಗೆದ್ದುದಾದರೂ ಏತರಿಂದ ಎಂಬುದನ್ನು ಮೊದಲು ಅರಿಯಬೇಕು. 1979ರಲ್ಲಿ ಅಮೆರಿಕಾದ ಮಿಲ್ಟನ್ ಬ್ರಾಡ್ಲಿ ಸಂಸ್ಥೆಯು ಮೈಕ್ರೊವಿಷನ್ ಎಂಬ, ಆಟಗಳನ್ನು ಬದಲಿಸಬಹುದಾದ ಕೈಯಂತ್ರವನ್ನು ಮಾರುಕಟ್ಟೆಗೆ ತಂದಿತು. ಮರುವರ್ಷ, ಅಂದರೆ 1980ರಲ್ಲಿ, ನಿಂಟೆಂಡೊವಿನ ಗೇಮ್ ಅಂಡ್ ವಾಚ್ ಬಂದಿತು. 1889ರಲ್ಲಿ ಕ್ಯೋಟೋ ನಗರದಲ್ಲಿ ಇಸ್ಪೀಟಿನಂತಹ ಹನಫುಡ ಎಲೆಗಳನ್ನು ತಯಾರಿಸುವ ಅಂಗಡಿಯಾಗಿ ಹುಟ್ಟಿದ ಈ ಸಂಸ್ಥೆಗೆ ಜೇಬಿನಲ್ಲಿಟ್ಟು ಒಯ್ಯುವ ವಿನೋದವು ಹೊಸದಾಗಿರಲಿಲ್ಲ. ಗೇಮ್ ಅಂಡ್ ವಾಚ್‌ನ ನಿರ್ಮಾಪಕನಾದ ಗುನ್‌ಪೇ ಯೊಕೊಯಿ, ರೈಲಿನಲ್ಲಿ ಬೇಸರದಿಂದ ಕುಳಿತ ಉದ್ಯೋಗಸ್ಥನೊಬ್ಬನು ಲೆಕ್ಕದ ಯಂತ್ರದ ಗುಂಡಿಗಳನ್ನು ಸುಮ್ಮನೆ ಒತ್ತುತ್ತಿದ್ದುದನ್ನು ಕಂಡು ಈ ಕಲ್ಪನೆಯನ್ನು ಪಡೆದನೆಂದು ಹೇಳುತ್ತಾರೆ. ಕಥೆ ಹೇಗೆಯೇ ಇರಲಿ, ಅದು ಸೂಚಿಸುವ ತತ್ತ್ವವು ಗಮನಾರ್ಹವಾದುದು. ಕೈಯಂತ್ರವು ಹುಟ್ಟಿದುದು ಮನುಷ್ಯನ ದಿನಚರಿಯಲ್ಲಿ ಉಳಿಯುವ ಸಣ್ಣ ಸಣ್ಣ ಬಿಡುವುಗಳನ್ನು ತುಂಬುವುದಕ್ಕಾಗಿ. ಲೆಕ್ಕದ ಯಂತ್ರಗಳ ಉದ್ಯಮದಿಂದ ಅಗ್ಗವಾಗಿ ಹೋಗಿದ್ದ ಬಿಡಿಭಾಗಗಳೇ ಅದರ ಶರೀರವಾದುವು.

ಯೊಕೊಯಿಯು ತನ್ನ ಈ ಪದ್ಧತಿಗೆ 'ಬಾಡಿದ ತಂತ್ರಜ್ಞಾನದ ಪಾರ್ಶ್ವಚಿಂತನೆ' ಎಂಬರ್ಥದ ಹೆಸರನ್ನಿತ್ತಿದ್ದನು. ಹಳತಾಗಿ, ಪಳಗಿ, ಬೆಲೆ ಇಳಿದಿರುವ ತಂತ್ರವನ್ನು ಹೊಸ ಪ್ರಯೋಜನಕ್ಕೆ ಹಚ್ಚಬೇಕೆಂಬುದು ಇದರ ಸಾರ. 1989ರ ಏಪ್ರಿಲ್ ತಿಂಗಳಿನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಗೇಮ್ ಬಾಯ್ ಈ ಸೂತ್ರಕ್ಕೆ ಭಾಷ್ಯದಂತಿದ್ದಿತು. ಅದರ ತೆರೆಯು ಹಸಿರು ಛಾಯೆಯ ನಾಲ್ಕು ಬಗೆಗಳನ್ನು ಮಾತ್ರ ತೋರಿಸುತ್ತಿದ್ದಿತು, ಹಿಂದಿನಿಂದ ಬೆಳಕಿರಲಿಲ್ಲ. ಅದೇ ವರ್ಷ ಬಂದ ಅಟಾರಿ ಸಂಸ್ಥೆಯ ಲಿಂಕ್ಸ್, ಮರುವರ್ಷ ಬಂದ ಸೆಗಾ ಸಂಸ್ಥೆಯ ಗೇಮ್ ಗಿಯರ್ ಇವೆರಡೂ ಬಣ್ಣದ, ಬೆಳಗುವ ತೆರೆಗಳನ್ನು ಹೊಂದಿದ್ದುವು. ಶಕ್ತಿಯೊಂದೇ ಗೆಲವಿನ ಕಾರಣವಾಗಿದ್ದರೆ ಗೇಮ್ ಬಾಯ್ ಸೋಲಬೇಕಾಗಿದ್ದಿತು. ಆದರೆ ಅಮೆರಿಕಾದಲ್ಲಿ ಲಿಂಕ್ಸ್‌ನ ಬೆಲೆ ಸುಮಾರು 180 ಡಾಲರುಗಳಾಗಿದ್ದಾಗ ಗೇಮ್ ಬಾಯ್ ಸುಮಾರು 90 ಡಾಲರುಗಳಿಗೆ ದೊರೆಯುತ್ತಿದ್ದಿತು, ಅದೂ ಟೆಟ್ರಿಸ್ ಆಟದೊಡನೆ. ಗೇಮ್ ಗಿಯರ್ ಆರು ಬ್ಯಾಟರಿಗಳನ್ನು ಕೆಲವೇ ಗಂಟೆಗಳಲ್ಲಿ ಮುಗಿಸುತ್ತಿದ್ದರೆ, ಗೇಮ್ ಬಾಯ್ ನಾಲ್ಕು ಬ್ಯಾಟರಿಗಳಿಂದ ಹತ್ತು ಗಂಟೆಗಳಿಗೂ ಮೀರಿ ನಡೆಯುತ್ತಿದ್ದಿತು. ಗೇಮ್ ಬಾಯ್ ಮತ್ತು ಅದರ ಬಣ್ಣದ ರೂಪಾಂತರ ಸೇರಿ ಸುಮಾರು 11 ಕೋಟಿ 86 ಲಕ್ಷ ಮಾರಾಟವಾದುವು.

ಇದರಿಂದ ನಮಗೆ ದೊರೆಯುವ ನಿಯಮವಿದು: ಕೈಯಂತ್ರಗಳ ಲೋಕದಲ್ಲಿ ಗೆಲವು ಬಲಿಷ್ಠವಾದುದಕ್ಕಲ್ಲದೆ, ಅಗ್ಗವಾಗಿ, ಸಾಕಷ್ಟು ಚೆನ್ನಾಗಿ, ಯಾವಾಗಲೂ ಜೊತೆಯಲ್ಲಿರುವುದಕ್ಕೆ ಸಲ್ಲುತ್ತಿದ್ದಿತು. ಮುಂದೆ ಸ್ಮಾರ್ಟ್‌ಫೋನು ಕೈಯಂತ್ರವನ್ನು ಗೆದ್ದುದು ಈ ನಿಯಮದಿಂದಲೇ ಎಂಬುದು ನಮ್ಮ ಪ್ರತಿಪಾದನೆ.

3. ಫೋನಿನ ಮೊದಲ ಸೋಲು

ಫೋನು ಮತ್ತು ಆಟಗಳ ಸಂಬಂಧವು ಸ್ಮಾರ್ಟ್‌ಫೋನಿಗಿಂತ ಹಳೆಯದು. 1997ರಲ್ಲಿ ಫಿನ್ಲೆಂಡಿನ ನೋಕಿಯಾ ಸಂಸ್ಥೆಯು ತನ್ನ 6110 ಎಂಬ ಫೋನಿನಲ್ಲಿ ಹಾವಿನ ಆಟವನ್ನು ಅಳವಡಿಸಿತು. ಅದೇ ಸಂಸ್ಥೆಯು 2003ರಲ್ಲಿ ಎನ್-ಗೇಜ್ ಎಂಬ, ಫೋನೂ ಕೈಯಂತ್ರವೂ ಒಂದೇ ಆದ ಉಪಕರಣವನ್ನು 299 ಡಾಲರುಗಳ ಬೆಲೆಗೆ ಹೊರತಂದಿತು. ಆಗ ನಿಂಟೆಂಡೊವಿನ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ ಸುಮಾರು 100 ಡಾಲರುಗಳಿಗೆ ಸಿಗುತ್ತಿದ್ದಿತು. ಎನ್-ಗೇಜ್‌ನಲ್ಲಿ ಆಟವನ್ನು ಬದಲಿಸಬೇಕಾದರೆ ಹಿಂಬದಿಯನ್ನು ಬಿಚ್ಚಿ ಬ್ಯಾಟರಿಯನ್ನು ತೆಗೆಯಬೇಕಾಗಿದ್ದಿತು. ಮಾತನಾಡಬೇಕಾದರೆ ಯಂತ್ರದ ಅಂಚನ್ನು ಕಿವಿಗೆ ಹಿಡಿಯಬೇಕಾಗಿದ್ದಿತು. ಅದು ಸೋತುದರಲ್ಲಿ ಆಶ್ಚರ್ಯವಿಲ್ಲ.

ಈ ಪ್ರಸಂಗವನ್ನು ಸಾಮಾನ್ಯವಾಗಿ ಹಾಸ್ಯದ ವಸ್ತುವಾಗಿ ಹೇಳುತ್ತಾರೆ. ಆದರೆ ಇದರಿಂದ ಒಂದು ಮುಖ್ಯವಾದ ಅಂಶ ಸ್ಥಾಪಿತವಾಗುತ್ತದೆ. ಫೋನನ್ನೂ ಆಟದ ಯಂತ್ರವನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದ ಮಾತ್ರಕ್ಕೆ ಕೈಯಂತ್ರವು ಸೋಲಲಿಲ್ಲ. ಆಟಗಾರರನ್ನು ಸೆಳೆಯಲೆಂದೇ ಬಂದ ಫೋನು 2003ರಲ್ಲಿ ಸೋತಿತು. ಆ ಉದ್ದೇಶವನ್ನು ಮುಖ್ಯವಾಗಿ ಇಟ್ಟುಕೊಳ್ಳದೆ ಬಂದ ಫೋನು ಕೆಲವೇ ವರ್ಷಗಳಲ್ಲಿ ಗೆದ್ದಿತು. ಈ ನಡುವೆ ಬದಲಾದುದೇನು?

4. ಬೆಲೆಯ ಪಲ್ಲಟ

2007ರಲ್ಲಿ ಆಪಲ್ ಸಂಸ್ಥೆಯ ಐಫೋನ್ ಬಂದಾಗ ಹೊರಗಿನವರು ಅದಕ್ಕೆ ಆಟಗಳನ್ನು ಮಾರುವ ಅಂಗಡಿಯೇ ಇರಲಿಲ್ಲ. 2008ರ ಜುಲೈ ತಿಂಗಳಿನಲ್ಲಿ ಆಪ್ ಸ್ಟೋರ್ ತೆರೆಯಿತು. ಅದೇ ವರ್ಷ ಗೂಗಲ್ ಸಂಸ್ಥೆಯ ಆಂಡ್ರಾಯ್ಡ್ ಫೋನುಗಳ ಪೇಟೆಯೂ ಆರಂಭವಾಯಿತು. ಇಲ್ಲಿಂದ ಮುಂದೆ ಮೂರು ಪಲ್ಲಟಗಳು ಒಂದರ ಹಿಂದೊಂದು ನಡೆದುವು.

ಮೊದಲನೆಯದು ಯಂತ್ರದ ಬೆಲೆಗೆ ಸಂಬಂಧಪಟ್ಟುದು. ಸ್ಮಾರ್ಟ್‌ಫೋನು ಕೈಯಂತ್ರಕ್ಕಿಂತ ಹಲವು ಪಟ್ಟು ದುಬಾರಿಯಾದುದು. ಆದರೂ ಆಟಗಾರನ ಲೆಕ್ಕದಲ್ಲಿ ಅದರ ಬೆಲೆ ಸೊನ್ನೆಯಾಗಿದ್ದಿತು. ಏಕೆಂದರೆ ಮಾತಿಗೂ ಪತ್ರಕ್ಕೂ ಚಿತ್ರಕ್ಕೂ ಅವನು ಅದನ್ನು ಮೊದಲೇ ಕೊಂಡಿದ್ದನು. ಕೈಯಂತ್ರಕ್ಕೆ ಕೊಡಬೇಕಾದ ಹಣವು ಅದರ ಮೇಲಿನ ಹೊರೆಯಾಯಿತು. 2013ನೆಯ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಸ್ಮಾರ್ಟ್‌ಫೋನುಗಳು ಅಂಗಡಿಗಳಿಗೆ ರವಾನೆಯಾದುವು. ಅತ್ಯಂತ ಜನಪ್ರಿಯವಾದ ಕೈಯಂತ್ರವು ತನ್ನ ಇಡೀ ಆಯುಷ್ಯದಲ್ಲಿ ಮುಟ್ಟಿದ ಸಂಖ್ಯೆಯ ಆರು ಪಟ್ಟಿಗೂ ಇದು ಮಿಕ್ಕುದು.

ಎರಡನೆಯದು ಆಟದ ಬೆಲೆಗೆ ಸಂಬಂಧಪಟ್ಟುದು. ಕೈಯಂತ್ರದ ಆಟವು ಒಂದು ವಸ್ತುವಾಗಿದ್ದಿತು. ಕಾರ್ಟ್ರಿಜ್‌ನ ತಯಾರಿಕೆ, ಸಾಗಾಣಿಕೆ, ಅಂಗಡಿಯವನ ಲಾಭ, ಯಂತ್ರದ ಒಡೆಯನಿಗೆ ಸಲ್ಲಬೇಕಾದ ಗೌರವಧನ ಇವೆಲ್ಲವೂ ಅದರ ಬೆಲೆಯಲ್ಲಿ ಅಡಗಿದ್ದುವು. 3ಡಿಎಸ್‌ನ ಒಂದು ಹೊಸ ಆಟಕ್ಕೆ ಅಮೆರಿಕಾದಲ್ಲಿ ಸುಮಾರು 40 ಡಾಲರು ಕೊಡಬೇಕಾಗಿದ್ದಿತು. 2009ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ರೋವಿಯೋ ಸಂಸ್ಥೆಯು ಹೊರತಂದ ಆಂಗ್ರಿ ಬರ್ಡ್ಸ್ ಆಟದ ಬೆಲೆಯು ಒಂದು ಡಾಲರಿಗಿಂತಲೂ ಒಂದು ಸೆಂಟು ಕಡಿಮೆ. ಗುಣದಲ್ಲಿ ಇವು ಸಮಾನವೇ ಎಂಬ ಪ್ರಶ್ನೆ ಇಲ್ಲಿ ಏಳುವುದಿಲ್ಲ. ಹತ್ತು ನಿಮಿಷಗಳ ಬಿಡುವನ್ನು ತುಂಬುವುದೇ ಉದ್ದೇಶವಾದಾಗ, ಒಂದರ ಬೆಲೆಗೆ ನಲವತ್ತು ದೊರೆಯುವುದೆಂಬುದೊಂದೇ ಸಾಕಾಗಿದ್ದಿತು.

ಮೂರನೆಯದು ಎಲ್ಲಕ್ಕಿಂತ ಗಹನವಾದುದು. 2009ರಿಂದ ಆಪ್ ಸ್ಟೋರ್‌ನಲ್ಲಿ, ಆಟವನ್ನು ಬಿಟ್ಟಿಯಾಗಿ ಕೊಟ್ಟು, ಆಟದ ಒಳಗೆ ಹಣ ಪಡೆಯುವ ಪದ್ಧತಿ ಸಾಧ್ಯವಾಯಿತು. 2012ರಲ್ಲಿ ಬಂದ ಪಜಲ್ ಅಂಡ್ ಡ್ರ್ಯಾಗನ್ಸ್, ಕ್ಲ್ಯಾಷ್ ಆಫ್ ಕ್ಲ್ಯಾನ್ಸ್ ಮುಂತಾದುವು ಈ ಪದ್ಧತಿಯಿಂದ ಅಪಾರವಾದ ಸಂಪತ್ತನ್ನು ಗಳಿಸಿದುವು. ಹಿಂದೆ ಆಟವು ಒಮ್ಮೆ ಮಾರಲ್ಪಟ್ಟು ಮುಗಿಯುವ ಕೃತಿಯಾಗಿದ್ದಿತು. ಈಗ ಅದು ಮುಗಿಯದಂತೆ ರಚಿತವಾದ ಸೇವೆಯಾಯಿತು. ಒಂದು ಸಲ ಹಣ ಪಡೆದು ಪೂರ್ಣವಾದ ಆಟವನ್ನು ಕೊಡುವವನು, ಏನನ್ನೂ ಪಡೆಯದೆ ಬಾಗಿಲು ತೆರೆದಿಟ್ಟವನೊಡನೆ ಸ್ಪರ್ಧಿಸುವುದು ಕಷ್ಟ.

ಈ ಅಪಾಯವನ್ನು ಅಂದಿನವರು ಅರಿಯದೆ ಇರಲಿಲ್ಲ. 2011ರ ಮಾರ್ಚ್ 2ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಆಟಗಳ ನಿರ್ಮಾಪಕರ ಸಮ್ಮೇಳನವನ್ನುದ್ದೇಶಿಸಿ ಮಾತನಾಡಿದ ನಿಂಟೆಂಡೊವಿನ ಅಧ್ಯಕ್ಷ ಸತೋರು ಇವಾಟ, ಫೋನಿನ ಒಡೆಯರಿಗೆ ಆಟಗಳ ಮೌಲ್ಯವನ್ನು ಎತ್ತರದಲ್ಲಿ ಉಳಿಸಿಕೊಳ್ಳಬೇಕೆಂಬ ಪ್ರೇರಣೆಯಿಲ್ಲ, ಅವರಿಗೆ ಬೇಕಾದುದು ಸಂಖ್ಯೆ ಎಂಬ ಅಭಿಪ್ರಾಯವನ್ನು ಮುಂದಿಟ್ಟನು. ಅದೇ ದಿನ, ಅದೇ ನಗರದಲ್ಲಿ, ಆಪಲ್ ಸಂಸ್ಥೆಯು ತನ್ನ ಎರಡನೆಯ ಐಪ್ಯಾಡನ್ನು ಜಗತ್ತಿಗೆ ತೋರಿಸುತ್ತಿದ್ದಿತು. ಎಚ್ಚರಿಕೆಯ ಮಾತಿನ ಹಿಂದೆಯೇ ಪೆಟ್ಟೂ ಬಿದ್ದಿತು. 2011ರ ಫೆಬ್ರವರಿಯಲ್ಲಿ 25,000 ಯೆನ್ ಬೆಲೆಗೆ ಬಂದ 3ಡಿಎಸ್ ಅನ್ನು ಅದೇ ಆಗಸ್ಟಿನಲ್ಲಿ 15,000 ಯೆನ್‌ಗೆ ಇಳಿಸಬೇಕಾಯಿತು. ಇವಾಟನು ತನ್ನ ನಿಗದಿತ ವೇತನವನ್ನು ಅರ್ಧಕ್ಕೆ ಇಳಿಸಿಕೊಂಡನು. 2012ರ ಮಾರ್ಚಿನಲ್ಲಿ ಮುಗಿದ ಲೆಕ್ಕದ ವರ್ಷದಲ್ಲಿ ನಿಂಟೆಂಡೊ ಸಂಸ್ಥೆಯು ಹಲವು ದಶಕಗಳಲ್ಲಿ ಮೊದಲ ಬಾರಿಗೆ ನಷ್ಟವನ್ನನುಭವಿಸಿತು. ಇದಕ್ಕೆ ಯೆನ್ ನಾಣ್ಯದ ಬೆಲೆಯೇರಿಕೆ, 3ಡಿಎಸ್‌ಗೆ ಆರಂಭದಲ್ಲಿದ್ದ ಉತ್ತಮ ಆಟಗಳ ಕೊರತೆ ಇವೂ ಕಾರಣಗಳೆಂಬುದನ್ನು ಮರೆಯಬಾರದು. ಎಲ್ಲವನ್ನೂ ಫೋನಿನ ತಲೆಗೆ ಕಟ್ಟುವುದು ಇತಿಹಾಸಕ್ಕೆ ನ್ಯಾಯವಾಗದು.

5. ಎರಡು ಆಕ್ಷೇಪಗಳು

ನಮ್ಮ ವಾದಕ್ಕೆ ಎರಡು ಪೂರ್ವಪಕ್ಷಗಳು ಏಳಬಹುದು.

ಬಹುಕಾರ್ಯಗಳ ಫೋನು ಕ್ಯಾಮರಾ, ಗಡಿಯಾರ, ಸಂಗೀತದ ಯಂತ್ರ ಎಲ್ಲವನ್ನೂ ನುಂಗಿತಷ್ಟೆ, ಕೈಯಂತ್ರವೂ ಆ ಸಾಲಿನಲ್ಲಿ ಒಂದು, ಇದರಲ್ಲಿ ವಿಶೇಷವೇನು ಎಂಬುದು ಮೊದಲನೆಯದು. ಜಪಾನಿನ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ 12 ಕೋಟಿಯಷ್ಟಿದ್ದ ಡಿಜಿಟಲ್ ಕ್ಯಾಮರಾಗಳ ರವಾನೆಯು 2020ರಲ್ಲಿ 1 ಕೋಟಿಗಿಂತ ಕೆಳಗಿಳಿದುದು ನಿಜ. ಆದರೆ ಹೋಲಿಕೆಯು ಪೂರ್ಣವಲ್ಲ. ಫೋನಿನಲ್ಲಿ ತೆಗೆದ ಚಿತ್ರವು ಸಾಮಾನ್ಯನಿಗೆ ಕ್ಯಾಮರಾದ ಚಿತ್ರದಂತೆಯೇ ತೋರುತ್ತದೆ. ಆಟದ ವಿಷಯ ಹಾಗಲ್ಲ. ಗಾಜಿನ ತೆರೆಯ ಮೇಲೆ ಬೆರಳಿಗೆ ಗುಂಡಿಯ ಸ್ಪರ್ಶವಿಲ್ಲ. ಆಡುವ ಬೆರಳೇ ನೋಡಬೇಕಾದುದನ್ನು ಮರೆಮಾಡುತ್ತದೆ. ಅದರಿಂದ ಫೋನು ಹಳೆಯ ಆಟಗಳನ್ನು ವಶಪಡಿಸಿಕೊಳ್ಳುವುದರ ಬದಲು, ತನ್ನ ತೆರೆಗೆ ಒಗ್ಗುವ ಬೇರೆಯೇ ಆಟಗಳನ್ನು ಬೆಳೆಸಿತು. ಕೈಯಂತ್ರದ ಬಳಿ ಉಳಿದವರು ದೀರ್ಘವಾದ, ಕೌಶಲವನ್ನು ಬೇಡುವ ಆಟಗಳನ್ನು ಬಯಸಿದವರು. ಕಳೆದುಹೋದವರು ಬಿಡುವಿನ ಹತ್ತು ನಿಮಿಷಗಳವರು. ಅವರ ಸಂಖ್ಯೆಯೇ ದೊಡ್ಡದಾಗಿದ್ದಿತು.

2017ರ ಮಾರ್ಚ್ 3ರಂದು ಬಂದ ನಿಂಟೆಂಡೊ ಸ್ವಿಚ್ 15 ಕೋಟಿಗೂ ಹೆಚ್ಚು ಮಾರಾಟವಾಗಿರುವಾಗ ಇಳಿಗಾಲವೆಂಬ ಮಾತಿಗೆ ಅರ್ಥವೆಲ್ಲಿ ಎಂಬುದು ಎರಡನೆಯ ಆಕ್ಷೇಪ. ಇದು ಬಲವಾದುದು. ಆದರೆ ಸ್ವಿಚ್ ಹಿಂದಿನ ಅರ್ಥದ ಕೈಯಂತ್ರವಲ್ಲ. ಅದು ಟೆಲಿವಿಷನ್ನಿಗೆ ಜೋಡಿಸಿ ಮನೆಯಲ್ಲಿ ಆಡುವ ಯಂತ್ರವೂ ಹೌದು, ಎತ್ತಿಕೊಂಡು ಹೋಗುವ ಯಂತ್ರವೂ ಹೌದು. ಎರಡು ಬಗೆಯ ಯಂತ್ರಗಳಿಗೆ ಪ್ರತ್ಯೇಕವಾಗಿ ಆಟಗಳನ್ನು ರಚಿಸುತ್ತಿದ್ದ ಸಂಸ್ಥೆಯು ತನ್ನ ಶಕ್ತಿಯನ್ನು ಒಂದೇ ಯಂತ್ರದ ಮೇಲೆ ಕೇಂದ್ರೀಕರಿಸಿತು. 2019ರಲ್ಲಿ ಬಂದ, ಕೈಯಲ್ಲಿ ಮಾತ್ರ ಆಡಬಹುದಾದ ಸ್ವಿಚ್ ಲೈಟ್‌ನ ಪಾಲು ಆ ಒಟ್ಟು ಮಾರಾಟದಲ್ಲಿ ಐದನೆಯ ಒಂದಂಶಕ್ಕಿಂತ ಕಡಿಮೆ. 2022ರ ಸ್ಟೀಮ್ ಡೆಕ್ ಗಣಕಯಂತ್ರದ ಆಟಗಳನ್ನೂ, 2023ರ ಪ್ಲೇಸ್ಟೇಷನ್ ಪೋರ್ಟಲ್ ಬೇರೆಡೆಯಲ್ಲಿ ನಡೆಯುವ ಆಟವನ್ನೂ ಅಂಗೈಗೆ ತರುತ್ತವೆ. ಇವು ದೊಡ್ಡ ಮನೆಗೆ ಸೇರಿಸಿದ ಜಗುಲಿಗಳು. ಗೇಮ್ ಬಾಯ್ ತಾನೇ ಒಂದು ಮನೆಯಾಗಿದ್ದಿತು. ಆಡುವ ಕೈ ಉಳಿದಿದೆ, ಸ್ವತಂತ್ರವಾದ ಕೈಯಂತ್ರವು ವಿರಳವಾಗಿದೆ ಎಂದು ಹೇಳುವುದು ಸತ್ಯಕ್ಕೆ ಸಮೀಪವಾದೀತು.

ನಮ್ಮ ದೇಶದ ಅನುಭವವೂ ಈ ನಿರ್ಣಯಕ್ಕೆ ಪೋಷಕವಾಗಿದೆ. ಭಾರತದಲ್ಲಿ ಗೇಮ್ ಬಾಯ್ ವರ್ಗದ ಯಂತ್ರಗಳು ವ್ಯಾಪಕವಾಗಿ ಹಬ್ಬಲೇ ಇಲ್ಲ. 1990ರ ದಶಕದಲ್ಲಿ ಪೇಟೆಗಳಲ್ಲಿ ಸಿಗುತ್ತಿದ್ದ ಅಗ್ಗದ ಇಟ್ಟಿಗೆ ಆಟದ ಯಂತ್ರಗಳು, ತರುವಾಯ ನೋಕಿಯಾ ಫೋನಿನ ಹಾವು, ಆ ಮೇಲೆ ನೇರವಾಗಿ ಸ್ಮಾರ್ಟ್‌ಫೋನು: ಇದು ಇಲ್ಲಿಯ ಕ್ರಮ. 2016ರ ಅನಂತರ ಅಂತರಜಾಲದ ದರ ಇಳಿದಾಗ ಆಟವೆಂದರೆ ಫೋನಿನ ಆಟವೆಂಬುದೇ ರೂಢಿಯಾಯಿತು. ಕೈಯಂತ್ರದ ಗಟ್ಟಿಯಾದ ಪೂರ್ವಪರಂಪರೆ ಇಲ್ಲದ ನಾಡಿನಲ್ಲಿ ಹೋರಾಟವೇ ನಡೆಯಲಿಲ್ಲ. ಮೊದಲೇ ಕೈಯಲ್ಲಿದ್ದ ಸಾಧನವೇ ಕ್ಷೇತ್ರವನ್ನು ತುಂಬಿತು.

6. ಕಳೆದುಕೊಂಡುದೇನು

ಚರಿತ್ರೆಯು ಸೋತವರಿಗಾಗಿ ಶೋಕಿಸಬೇಕಾದುದಿಲ್ಲ. ಆದರೆ ಸೋಲಿನಲ್ಲಿ ಏನು ಕಳೆಯಿತೆಂಬುದನ್ನು ದಾಖಲಿಸಬೇಕು. ಎರಡು ಸಂಗತಿಗಳು ನಮಗೆ ಮುಖ್ಯವಾಗಿ ತೋರುತ್ತವೆ.

ಆಟಗಾರನಿಗೂ ಆಟಕ್ಕೂ ಇದ್ದ ಸಂಬಂಧವು ಒಂದು. 1996ರಲ್ಲಿ ಸತೋಷಿ ತಾಜಿರಿಯ ಗೇಮ್ ಫ್ರೀಕ್ ಸಂಸ್ಥೆಯು ರಚಿಸಿದ ಪೊಕೆಮಾನ್ ಆಟವು ಕೆಂಪು, ಹಸಿರು ಎಂಬ ಎರಡು ಪಾಠಗಳಲ್ಲಿ ಬಂದಿತು. ಒಂದರಲ್ಲಿರುವ ಕೆಲವು ಪ್ರಾಣಿಗಳು ಇನ್ನೊಂದರಲ್ಲಿರಲಿಲ್ಲ. ಎಲ್ಲವೂ ಬೇಕೆನ್ನುವ ಮಗುವು ಇನ್ನೊಂದು ಮಗುವಿನ ಬಳಿ ಹೋಗಿ, ಎರಡು ಯಂತ್ರಗಳನ್ನು ತಂತಿಯಿಂದ ಜೋಡಿಸಿ ವಿನಿಮಯ ಮಾಡಿಕೊಳ್ಳಬೇಕಾಗಿದ್ದಿತು. ಇಲ್ಲಿಯೂ ವ್ಯಾಪಾರಬುದ್ಧಿ ಇದ್ದಿತೆಂಬುದು ಸ್ಪಷ್ಟ. ಆದರೆ ಕೊಳ್ಳುವಿಕೆ ಅಂಗಡಿಯಲ್ಲಿ, ಹಿರಿಯರ ಕಣ್ಣೆದುರಿನಲ್ಲಿ, ಒಮ್ಮೆ ನಡೆದು ಮುಗಿಯುತ್ತಿದ್ದಿತು. ಬಿಟ್ಟಿ ಆಟಗಳ ಪದ್ಧತಿಯಲ್ಲಿ ಅಂಗಡಿಯು ಆಟದ ಒಳಗೇ ಬಂದು ಕುಳಿತಿತು. 2012ರಲ್ಲಿ ಜಪಾನಿನ ಗ್ರಾಹಕ ವ್ಯವಹಾರಗಳ ಇಲಾಖೆಯು ಅದೃಷ್ಟದ ಚೀಟಿಗಳನ್ನು ಪೂರ್ತಿ ಕೂಡಿಸಿದರೆ ಬಹುಮಾನ ಕೊಡುವ ಒಂದು ಬಗೆಯ ಮಾರಾಟವು ಕಾನೂನಿಗೆ ವಿರುದ್ಧವೆಂದು ಸಾರಬೇಕಾಯಿತು. 2014ರಲ್ಲಿ ಅಮೆರಿಕಾದ ಫೆಡರಲ್ ಟ್ರೇಡ್ ಕಮಿಷನ್ನಿನೊಡನೆ ಆದ ಒಪ್ಪಂದದಂತೆ, ಹಿರಿಯರ ಒಪ್ಪಿಗೆಯಿಲ್ಲದೆ ಮಕ್ಕಳು ಮಾಡಿದ ಖರೀದಿಗಳಿಗಾಗಿ ಆಪಲ್ ಸಂಸ್ಥೆಯು ಕನಿಷ್ಠ 3 ಕೋಟಿ 25 ಲಕ್ಷ ಡಾಲರುಗಳನ್ನು ಹಿಂದಿರುಗಿಸಲು ಒಪ್ಪಿತು. ಬಿಟ್ಟಿಯೆಂಬ ಮಾತಿನ ಬೆಲೆ ಏನೆಂಬುದಕ್ಕೆ ಇವೇ ಸಾಕ್ಷಿ.

ಇನ್ನೊಂದು, ಚರಿತ್ರಕಾರನ ಆಕರಗಳ ಪ್ರಶ್ನೆ. 1989ರ ಟೆಟ್ರಿಸ್ ಕಾರ್ಟ್ರಿಜ್ ಒಂದನ್ನು ಸುಸ್ಥಿತಿಯ ಗೇಮ್ ಬಾಯ್‌ನಲ್ಲಿಟ್ಟರೆ ಇಂದಿಗೂ ಆಟ ನಡೆಯುತ್ತದೆ. 2017ರ ಸೆಪ್ಟೆಂಬರಿನಲ್ಲಿ ಆಪಲ್ ಸಂಸ್ಥೆಯು ತನ್ನ ಫೋನುಗಳ ಕಾರ್ಯವ್ಯವಸ್ಥೆಯನ್ನು ಬದಲಿಸಿದಾಗ, ಹಳೆಯ ಕ್ರಮದಲ್ಲಿ ಬರೆದು ಮತ್ತೆ ತಿದ್ದದೆ ಉಳಿದಿದ್ದ ಆಟಗಳು ಹೊಸ ವ್ಯವಸ್ಥೆಯಲ್ಲಿ ತೆರೆಯದೆ ಹೋದುವು. 2010ರಲ್ಲಿ ಐಫೋನಿನ ಶಕ್ತಿಗೆ ಮಾದರಿಯೆನಿಸಿದ್ದ ಇನ್ಫಿನಿಟಿ ಬ್ಲೇಡ್ ಆಟವನ್ನು 2018ರಲ್ಲಿ ಅಂಗಡಿಯಿಂದಲೇ ತೆಗೆದುಹಾಕಲಾಯಿತು. ಕಾರ್ಟ್ರಿಜ್‌ಗಳು ಶಾಶ್ವತವೆಂದು ನಾವು ಹೇಳುತ್ತಿಲ್ಲ. 2023ರ ಮಾರ್ಚಿನಲ್ಲಿ ನಿಂಟೆಂಡೊ ಸಂಸ್ಥೆಯೂ 3ಡಿಎಸ್‌ನ ಜಾಲದಂಗಡಿಯಲ್ಲಿ ಮಾರಾಟವನ್ನು ನಿಲ್ಲಿಸಿತು. ಅದೇ ವರ್ಷ ಅಮೆರಿಕಾದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ ಪ್ರಕಟಿಸಿದ ಅಧ್ಯಯನದಂತೆ, ಆ ದೇಶದಲ್ಲಿ 2010ಕ್ಕೆ ಮುನ್ನ ಬಂದ ಆಟಗಳಲ್ಲಿ ನೂರಕ್ಕೆ 87ರಷ್ಟು ಆಗ ಮಾರುಕಟ್ಟೆಯಲ್ಲಿ ದೊರೆಯುತ್ತಿರಲಿಲ್ಲ. ಆದರೆ ವಸ್ತುವಾಗಿದ್ದ ಆಟವನ್ನು ಒಂದು ಗ್ರಂಥಾಲಯವು ಕಪಾಟಿನಲ್ಲಿ ಇಟ್ಟುಕೊಳ್ಳಬಹುದು. ದೂರದ ಗಣಕಯಂತ್ರವೊಂದರ ಮೇಲೆ ಅವಲಂಬಿಸಿದ ಆಟವು ಆ ಯಂತ್ರದೊಡನೆಯೇ ಕೊನೆಗೊಳ್ಳುತ್ತದೆ. ಕೋಟ್ಯಂತರ ಜನರು ಪ್ರತಿದಿನ ಆಡಿದ ಆಟವೊಂದರ ಪ್ರತಿಯೂ ಮುಂದಿನ ಸಂಶೋಧಕನಿಗೆ ದೊರೆಯದೆ ಹೋಗಬಹುದು.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಹೀಗೆ ನಿರ್ಣಯಿಸಬಹುದಾಗಿದೆ. ಕೈಯಂತ್ರವು ತನಗಿಂತ ಉತ್ತಮವಾದ ಆಟದ ಯಂತ್ರದಿಂದ ಸೋಲಲಿಲ್ಲ. ಅಗ್ಗ, ಸಾಕು, ಸದಾ ಜೊತೆಯಲ್ಲಿದೆ ಎಂಬ ಯಾವ ಗುಣಗಳಿಂದ ಅದು ತನಗಿಂತ ಬಲಿಷ್ಠರಾದ ಪ್ರತಿಸ್ಪರ್ಧಿಗಳನ್ನು ಗೆದ್ದಿದ್ದಿತೋ, ಅವೇ ಗುಣಗಳನ್ನು ಇನ್ನೂ ಹೆಚ್ಚಾಗಿ ಪಡೆದಿದ್ದ ಸಾಧನಕ್ಕೆ ತನ್ನ ಸ್ಥಾನವನ್ನು ಬಿಟ್ಟುಕೊಟ್ಟಿತು. ಯೊಕೊಯಿಯು ಕಂಡನೆನ್ನಲಾದ ಪ್ರಯಾಣಿಕನು ಇಂದಿಗೂ ರೈಲಿನಲ್ಲಿಯೇ ಇದ್ದಾನೆ. ಅವನ ಕೈಗೆ ಬಂದಿರುವ ಯಂತ್ರ ಬೇರೆ, ಅವನು ತೆರುವ ಬೆಲೆಯ ರೀತಿಯೂ ಬೇರೆ.

ಕಾಲೇಜುಗಳಲ್ಲಿ ಸಮಕಾಲೀನ ಚರಿತ್ರೆಯನ್ನು ಬೋಧಿಸುವವರು ಯಂತ್ರಗಳ ಕಥೆಯನ್ನು ಆವಿಷ್ಕಾರಗಳ ಪಟ್ಟಿಯಾಗಿ ಹೇಳದೆ, ಬೆಲೆ, ಬಿಡುವು, ಒಡೆತನ ಎಂಬ ಮೂರು ಪ್ರಶ್ನೆಗಳ ಮೂಲಕ ಹೇಳುವುದು ಲೇಸೆಂದು ನಮ್ಮ ಭಾವನೆ. ವಿದ್ಯಾರ್ಥಿಗಳ ಮನೆಗಳಲ್ಲಿ ಹಳೆಯ ಇಟ್ಟಿಗೆ ಆಟದ ಯಂತ್ರವಾಗಲಿ, ಗುಂಡಿಗಳುಳ್ಳ ಫೋನಾಗಲಿ ಉಳಿದಿದ್ದರೆ ಅವು ಕಸವಾಗದಂತೆ ನೋಡಿಕೊಳ್ಳುವುದೂ, ಅವುಗಳನ್ನು ಯಾರು, ಯಾವಾಗ, ಏನು ಕೊಟ್ಟು ಕೊಂಡರೆಂಬುದನ್ನು ಬರೆದಿಡುವುದೂ ಇಂದೇ ಆಗಬೇಕಾದ ಕೆಲಸ. ಈ ಯಂತ್ರಗಳನ್ನು ಕೊಂಡು ಬಳಸಿದವರು ನಮ್ಮ ನಡುವೆ ಇರುವಾಗಲೇ ಅವರ ಹೇಳಿಕೆಗಳನ್ನು ಸಂಗ್ರಹಿಸುವುದು ಸಾಧ್ಯ.